ಎರಡನೆಯ ಶೀಸೆ

ಕಾಯಿಲೆಗಳಲ್ಲಿಯೂ ಅಂತಸ್ತುಗಳಿವೆ. ಹೃದಯದ ಬೇನೆಯೆಂದರೆ ಮನೆಮಂದಿಯೆಲ್ಲ ತುದಿಗಾಲಿನ ಮೇಲೆ ನಡೆಯುತ್ತಾರೆ. ಜ್ವರವೆಂದರೆ ಗಂಜಿ ಬರುತ್ತದೆ, ಹಣೆಯ ಮೇಲೆ ಯಾರದಾದರೂ ಕೈ ಬರುತ್ತದೆ. ಕೈ ಮುರಿದವನಿಗೆ ಬಿಳಿಯ ಪಟ್ಟಿ ಕಟ್ಟಿಕೊಂಡು ಓಡಾಡುವ ಗೌರವವಾದರೂ ಉಂಟು. ಕೆಮ್ಮಿಗೆ ಮಾತ್ರ ಈ ಯಾವ ಮರ್ಯಾದೆಯೂ ಇಲ್ಲ. ಕೆಮ್ಮುವವನನ್ನು ಯಾರೂ ರೋಗಿಯೆಂದು ಎಣಿಸುವುದಿಲ್ಲ, ಉಪದ್ರವವೆಂದು ಎಣಿಸುತ್ತಾರೆ. ಬಸ್ಸಿನಲ್ಲಿ ಪಕ್ಕದವರು ಮುಖ ತಿರುಗಿಸುತ್ತಾರೆ. ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನವರು ಹಿಂದಿರುಗಿ ನೋಡುತ್ತಾರೆ. 2020ರಲ್ಲಿ ಕೋವಿಡ್ ಬಂದಾಗಲಂತೂ ಒಬ್ಬ ಕೆಮ್ಮಿದರೆ ಸಾಕು, ಸುತ್ತ ಒಂದು ಮಾರು ಜಾಗ ತಾನಾಗಿಯೇ ತೆರವಾಗುತ್ತಿತ್ತು. ಪಾಠ ಹೇಳಿ ಬದುಕುವ ನಮ್ಮಂಥವರ ಪಾಡು ಇನ್ನೂ ಹೆಚ್ಚಿನದು. ಗಂಟಲೇ ನಮ್ಮ ಬಂಡವಾಳ. ತರಗತಿಯಲ್ಲಿ ಕಂದಪದ್ಯವೊಂದನ್ನು ಓದುತ್ತಿರುವಾಗ ಎರಡನೆಯ ಸಾಲಿನ ನಡುವೆ ಕೆಮ್ಮು ಬಂದು, ಕವಿ ಎಲ್ಲಿಯೂ ಇಡದಿದ್ದ ಕಡೆ ಯತಿಯನ್ನಿಡುತ್ತದೆ. ಹುಡುಗರು ನಗುತ್ತಾರೆ. ಛಂದಸ್ಸು ಅವರಿಗೆ ಅರ್ಥವಾದದ್ದು ಅಷ್ಟು ಮಟ್ಟಿಗೆ.

ನಿಜ ಹೇಳಬೇಕೆಂದರೆ ನಮ್ಮ ಜನ ಕೆಮ್ಮನ್ನು ರೋಗವಾಗಿ ಕಂಡದ್ದಕ್ಕಿಂತ ಮಾತಾಗಿ ಕಂಡದ್ದೇ ಹೆಚ್ಚೇನೋ. ಹಿಂದೆ ಮನೆಯ ಹಿರಿಯರು ನಡುಮನೆಗೆ ಕಾಲಿಡುವ ಮೊದಲು ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಒಳಗಿದ್ದವರಿಗೆ ಅದು ಸೂಚನೆ. ಸಾಲ ಕೇಳಲು ಬಂದವರು ವಿಷಯವೆತ್ತುವ ಮೊದಲು ಕೆಮ್ಮುತ್ತಾರೆ. ಕೊಡಲು ಮನಸ್ಸಿಲ್ಲದವರು ಉತ್ತರ ಹೇಳುವ ಮೊದಲು ಕೆಮ್ಮುತ್ತಾರೆ. ದರ್ಬಾರು ಜೋರಾಗಿರುವ ಮನೆಯನ್ನು ಕುರಿತು 'ಅಲ್ಲಿ ಯಾರೂ ಕೆಮ್ಮಂಗಿಲ್ಲ' ಎನ್ನುತ್ತೇವೆ. ಹೀಗೆ ಕೆಮ್ಮಿನೊಡನೆ ನಮಗೆ ಬೆಳೆದಿರುವ ಸಲಿಗೆ ಅದರ ಔಷಧಕ್ಕೂ ಹಬ್ಬಿದೆ. ಬೇರೆ ಮಾತ್ರೆಗಳನ್ನು ನಾಲ್ಕು ಜನರನ್ನು ಕೇಳಿ ನುಂಗುವವರು ಕೆಮ್ಮಿನ ಸಿರಪ್ಪನ್ನು ಯಾರನ್ನೂ ಕೇಳದೆ ಕುಡಿಯುತ್ತಾರೆ. ಕೇಳಿದರೂ ಎಷ್ಟು ಚಮಚ ಎಂದು ಕೇಳುತ್ತಾರೆ. ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳುತ್ತಾರೆ. ಕುಡಿದ ಮೇಲೆ ನೀರು ಕುಡಿಯಬಹುದೇ ಎಂದೂ ಕೇಳುತ್ತಾರೆ. ಎಷ್ಟು ದಿನ ಎಂದು ಕೇಳುವವರು ಅಪರೂಪ. 'ಕೆಮ್ಮು ನಿಲ್ಲುವ ತನಕ' ಎಂಬ ಉತ್ತರವನ್ನು ಎಲ್ಲರೂ ಮನಸ್ಸಿನಲ್ಲಿಯೇ ಹೇಳಿಕೊಂಡುಬಿಟ್ಟಿರುತ್ತಾರೆ. ಆ ಉತ್ತರ ಸರಿಯಲ್ಲವೆಂಬುದೇ ನಾನು ಇಲ್ಲಿ ಹೇಳಹೊರಟಿರುವ ವಿಷಯ.

ನಾನು ವೈದ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ವಿಭಾಗದಲ್ಲಿ ಡಾಕ್ಟರೇಟು ಪಡೆದ ಮಿತ್ರರೊಬ್ಬರನ್ನು ಎಲ್ಲರೂ 'ಡಾಕ್ಟರೇ' ಎಂದು ಕರೆಯುವುದನ್ನು ಕೇಳಿ, ವಿದ್ಯಾರ್ಥಿಯೊಬ್ಬನ ತಾಯಿ ತಮ್ಮ ಮೊಣಕಾಲಿನ ನೋವನ್ನು ಅವರಲ್ಲಿ ಹೇಳಿಕೊಂಡದ್ದುಂಟು. ಬರಿಯ ಎಂ.ಎ. ಆದ ನನಗೆ ಆ ಅಪಾಯವಿಲ್ಲ. ಆದರೆ ಪದಗಳ ಮೂಲವನ್ನು ಕೆದಕುವುದು ನನ್ನ ಕಸುಬು. ಕಫದ ಕೆಮ್ಮಿನ ಔಷಧದ ಮೇಲೆ 'ಎಕ್ಸ್‌ಪೆಕ್ಟೊರೆಂಟ್' ಎಂದು ಬರೆದಿರುತ್ತದಲ್ಲ, ಅದು ಲ್ಯಾಟಿನ್ನಿನಿಂದ ಬಂದ ಪದ. 'ಪೆಕ್ಟಸ್' ಎಂದರೆ ಎದೆ; 'ಎಕ್ಸ್' ಎಂದರೆ ಹೊರಕ್ಕೆ. ಎದೆಯಲ್ಲಿರುವುದನ್ನು ಹೊರಕ್ಕೆ ಕಳಿಸುವಂಥದು. ಸಂಸ್ಕೃತ ಬಲ್ಲವರು ಇದನ್ನೇ ಕಫನಿಸ್ಸಾರಕ ಎನ್ನುತ್ತಾರೆ. ಈ ಎರಡು ಹೆಸರುಗಳಲ್ಲಿ ಯಾವುದರಲ್ಲಿಯೂ ಕೆಮ್ಮನ್ನು ನಿಲ್ಲಿಸುತ್ತೇನೆಂಬ ಮಾತಿಲ್ಲ. ಕೆಮ್ಮನ್ನು ಅಡಗಿಸುವ ಔಷಧಗಳು ಬೇರೆಯೇ ಇವೆ. ಡೆಕ್ಸ್ಟ್ರೋಮೆಥಾರ್ಫನ್, ಕೊಡೀನ್ ಮೊದಲಾದವು ಆ ವರ್ಗದವು. ಎಕ್ಸ್‌ಪೆಕ್ಟೊರೆಂಟಿನ ಕೆಲಸ ಕಫವನ್ನು ಸಡಿಲಿಸಿ ಕೆಮ್ಮಿಗೆ ನೆರವಾಗುವುದು. ಅದನ್ನು ಕುಡಿಯುತ್ತ 'ಕೆಮ್ಮು ಇನ್ನೂ ನಿಂತಿಲ್ಲವಲ್ಲ' ಎಂದು ದೂರುವುದು, ಗುಡಿಸುವವಳ ಕೈಗೆ ಹೊಸ ಪೊರಕೆ ಕೊಟ್ಟು ಅಂಗಳದಲ್ಲಿ ಸದ್ದೇಕೆ ಎಂದು ಕೇಳಿದ ಹಾಗೆ.

ಪೊರಕೆಯ ಮಾತನ್ನು ಸುಮ್ಮನೆ ಹೇಳಲಿಲ್ಲ. ನಮ್ಮ ಶ್ವಾಸನಾಳಗಳ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಒಂದು ಸೆಕೆಂಡಿಗೆ 10ರಿಂದ 20 ಬಾರಿ ಬೀಸುತ್ತವೆ. ಅವುಗಳ ಮೇಲೆ ತೆಳ್ಳಗೆ ಹರಡಿರುವ ಲೋಳೆಯ ಪದರದಲ್ಲಿ ಧೂಳು, ಹೊಗೆ, ಕ್ರಿಮಿಗಳು ಸಿಕ್ಕಿಕೊಳ್ಳುತ್ತವೆ. ರೋಮಗಳು ಆ ಪದರವನ್ನು ಹಗಲಿರುಳೂ ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ನಾವು ಅರಿಯದೆಯೇ ಅದನ್ನು ನುಂಗಿಬಿಡುತ್ತೇವೆ. ನೆಗಡಿಯ ವೈರಸ್ ಹೊಕ್ಕಾಗ ಲೋಳೆ ಹೆಚ್ಚಾಗಿ ಮಂದವಾಗುತ್ತದೆ. ರೋಮಗಳಿರುವ ಕಣಗಳೇ ಅಲ್ಲಲ್ಲಿ ಉದುರಿಹೋಗುತ್ತವೆ. ಗುಡಿಸುವವರಿಲ್ಲದ ಮನೆಯಲ್ಲಿ ಯಜಮಾನನೇ ಕಸ ಎತ್ತಿ ಹೊರಗೆ ಎಸೆಯಬೇಕು. ಕೆಮ್ಮು ಹೀಗೆ ಎಸೆಯುವ ಕೆಲಸ. ವೈರಸ್ ಹೋದ ಮಾರನೆಯ ದಿನವೇ ಆ ರೋಮಗಳು ಮತ್ತೆ ಚಿಗುರುವುದಿಲ್ಲ. ಅದಕ್ಕೆ ವಾರಗಳು ಹಿಡಿಯುತ್ತವೆ. ಅಷ್ಟು ದಿನವೂ ಕೆಮ್ಮು ಒಂದಿಷ್ಟು ಉಳಿದೇ ಇರುತ್ತದೆ.

ನಮ್ಮ ತಾತಂದಿರ ಕಾಲದ ಧರ್ಮಾಸ್ಪತ್ರೆಗಳ ವಿಚಾರವನ್ನು ಮನೆಯ ಹಿರಿಯರಿಂದ ಬಹಳ ಸಲ ಕೇಳಿದ್ದೇನೆ. ಔಷಧ ಬೇಕಾದವರು ಮನೆಯಿಂದ ತೊಳೆದ ಶೀಸೆಯೊಂದನ್ನು ಒಯ್ಯಬೇಕು. ಕಾಂಪೌಂಡರು ದೊಡ್ಡ ಜಾಡಿಯಿಂದ ಮಿಕ್ಸ್ಚರು ಸುರಿದು, ಶೀಸೆಯ ಪಕ್ಕಕ್ಕೆ ಕಾಗದದ ಪಟ್ಟಿಯೊಂದನ್ನು ಅಂಟಿಸಿ ಕೊಡುತ್ತಿದ್ದರು. ಪಟ್ಟಿಯ ಅಂಚನ್ನು ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿರುತ್ತಿದ್ದರು. ಒಂದು ಹಲ್ಲಿಗೆ ಒಂದು ಹೊತ್ತು. ಆ ಮಿಕ್ಸ್ಚರುಗಳಲ್ಲಿ ಇದ್ದುದು ಹೆಚ್ಚಾಗಿ ಅಮೋನಿಯಂ ಕ್ಲೋರೈಡು, ಇಲ್ಲವೆ ಇಪಿಕಾಕ್ ಎಂಬ ದಕ್ಷಿಣ ಅಮೆರಿಕದ ಬೇರಿನ ಸಾರ. ಇಪಿಕಾಕನ್ನು ಹೆಚ್ಚಾಗಿ ಕೊಟ್ಟರೆ ವಾಂತಿಯಾಗುತ್ತದೆ. ತೀರ ಕಡಮೆ ಕೊಟ್ಟರೆ ಹೊಟ್ಟೆ ತುಸು ತೊಳಸಿದಂತಾಗಿ, ಅದರ ಪ್ರತಿಕ್ರಿಯೆಯಿಂದ ಶ್ವಾಸನಾಳದಲ್ಲಿ ನೀರಿನಂಶ ಹೆಚ್ಚಿ ಕಫ ಸಡಿಲುತ್ತದೆಂಬುದು ಆಗಿನ ಲೆಕ್ಕಾಚಾರ. ಔಷಧದ ಗುಣ ಹೇಗಿತ್ತೋ, ಕಾಗದದ ಪಟ್ಟಿಯದೊಂದು ಗುಣವಿತ್ತು: ಮದ್ದಿಗೆ ಎಷ್ಟು ಹೊತ್ತಿನ ಆಯುಷ್ಯ ಎಂಬುದನ್ನು ಅದು ಓದುಬರಹ ಬಾರದವರಿಗೂ ತೋರಿಸುತ್ತಿತ್ತು.

ಈಗಿನ ಶೀಸೆಯಲ್ಲಿ ಇರುವ ಮದ್ದುಗಳಿಗೂ ಒಳ್ಳೆಯ ಕತೆಗಳಿವೆ. ಗ್ವಾಯಿಫೆನೆಸಿನ್ ಎಂಬುದರ ಹೆಸರು ಬಂದದ್ದು ಕೆರಿಬಿಯನ್ ದ್ವೀಪಗಳ ಗ್ವಾಯಕಂ ಎಂಬ ಮರದಿಂದ. 16ನೆಯ ಶತಮಾನದಲ್ಲಿ ಸ್ಪೇನಿನವರು ಆ ಮರವನ್ನು ಯೂರೋಪಿಗೆ ತಂದದ್ದು ಪರಂಗಿ ಹುಣ್ಣಿನ ಚಿಕಿತ್ಸೆಗೆ. ಅಲ್ಲಿಂದ ಅದರ ಸಂತತಿಯ ಔಷಧವೊಂದು ಕೆಮ್ಮಿಗೆ ಇಳಿದು, ಅಮೆರಿಕದಲ್ಲಿ 1952ರಲ್ಲಿ ಸರ್ಕಾರದ ಮನ್ನಣೆ ಪಡೆಯಿತು. ಬ್ರೋಮ್‌ಹೆಕ್ಸಿನ್ ಎಂಬುದಂತೂ ನಮ್ಮ ಬೇಲಿಯ ಗಿಡದ ಮೊಮ್ಮಗು. ಹಳ್ಳಿಯಲ್ಲಿ ಹಿತ್ತಲಿರುವವರಿಗೆಲ್ಲ ಆಡುಸೋಗೆ ಗೊತ್ತು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಸುಳ್ಳುಮಾಡುವ ಸೊಪ್ಪು ಅದು. ಅದರ ಶಾಸ್ತ್ರೀಯ ನಾಮವಾದ 'ಅಢತೋಡ' ಎಂಬುದು ಆಡು ಮುಟ್ಟದ್ದು ಎಂಬರ್ಥದ ತಮಿಳು ಮಾತಿನಿಂದ ಬಂದದ್ದೆಂದು ಹೇಳುತ್ತಾರೆ. ಅದರ ಎಲೆಯಲ್ಲಿರುವ ವಾಸಿಸಿನ್ ಎಂಬ ಸತ್ತ್ವವನ್ನು ಮಾದರಿಯಾಗಿಟ್ಟುಕೊಂಡು ಪ್ರಯೋಗಶಾಲೆಯಲ್ಲಿ ತಯಾರಿಸಿದ ಬ್ರೋಮ್‌ಹೆಕ್ಸಿನ್ 1963ರಲ್ಲಿ ಬಳಕೆಗೆ ಬಂದಿತು. ಅದನ್ನು ದೇಹ ಅರಗಿಸಿಕೊಂಡಾಗ ಆಗುವ ವಸ್ತುವೇ ಆಂಬ್ರೋಕ್ಸಾಲ್. ಅಜ್ಜಿ ಕುದಿಸಿಕೊಟ್ಟ ಕಷಾಯವನ್ನು ಮೂಗು ಮುಚ್ಚಿಕೊಂಡು ಚೆಲ್ಲಿದ ಮೊಮ್ಮಕ್ಕಳು ಅದರ ವಂಶದ ಸಿರಪ್ಪನ್ನು ಪಟ್ಟಣದಲ್ಲಿ ದುಡ್ಡು ಕೊಟ್ಟು ಕುಡಿಯುತ್ತಿದ್ದೇವೆ.

ಇಷ್ಟು ದೊಡ್ಡ ವಂಶಾವಳಿಯ ಮದ್ದುಗಳು ಎಷ್ಟು ಗುಣ ಮಾಡುತ್ತವೆ? ಡಾಕ್ಟರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವ ಕೆಮ್ಮಿನ ಔಷಧಗಳ ಮೇಲೆ ನಡೆದ 29 ಪ್ರಯೋಗಗಳನ್ನು, ಒಟ್ಟು 4,835 ಜನರ ಮೇಲೆ ನಡೆದವುಗಳನ್ನು, ಕಾಕ್ರೇನ್ ಎಂಬ ಸಂಸ್ಥೆಯ ವಿದ್ವಾಂಸರು 2014ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಕೆಲವು ದಿನದ ಕೆಮ್ಮಿಗೆ ಇವು ಗುಣ ಮಾಡುತ್ತವೆ ಎನ್ನಲಿಕ್ಕೂ ಮಾಡುವುದಿಲ್ಲ ಎನ್ನಲಿಕ್ಕೂ ಗಟ್ಟಿಯಾದ ಸಾಕ್ಷ್ಯವಿಲ್ಲ ಎಂಬುದು ಅವರ ತೀರ್ಪು. ಕೆಲವರಿಗೆ ಕಫ ಸಡಿಲಿ ಹಗುರವೆನ್ನಿಸುತ್ತದೆ. ಅಷ್ಟಾದರೆ ಕುಡಿಯಲಿ, ಬೇಡವೆನ್ನುವುದು ನನ್ನ ಉದ್ದೇಶವಲ್ಲ. ಆದರೆ ಪ್ರಯೋಜನ ಇಷ್ಟು ಸಣ್ಣದಾಗಿರುವಾಗ ಅದನ್ನು ಕುಡಿಯುವ ದಿನಗಳಿಗೂ ಒಂದು ಎಲ್ಲೆಯಿರಬೇಡವೆ?

ಎಲ್ಲೆಯನ್ನು ಶೀಸೆಯೇ ಹೇಳುತ್ತದೆ. ಮೊದಲನೆಯದಾಗಿ, ಗ್ವಾಯಿಫೆನೆಸಿನ್ ಡಬ್ಬಿಗಳ ಮೇಲೆ ಅಮೆರಿಕದಲ್ಲಿ ಅಚ್ಚಾಗುವ ಎಚ್ಚರಿಕೆಯ ಸಾರಾಂಶ ಇದು: ಕೆಮ್ಮು 7 ದಿನಗಳಿಗಿಂತ ಹೆಚ್ಚು ಉಳಿದರೆ, ಹೋಗಿ ಮತ್ತೆ ಬಂದರೆ, ಜೊತೆಗೆ ಜ್ವರವೋ ಮೈಮೇಲೆ ಗಂಧೆಯೋ ಬಿಡದ ತಲೆನೋವೋ ಇದ್ದರೆ, ಔಷಧವನ್ನು ನಿಲ್ಲಿಸಿ ಡಾಕ್ಟರನ್ನು ಕಾಣಿ. ಎರಡನೆಯದು ನಮ್ಮ ಮನೆಯ ಲೆಕ್ಕ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 100 ಮಿಲಿಲೀಟರಿನ ಶೀಸೆ. ಹೊತ್ತಿಗೆ 5 ಮಿಲಿಲೀಟರಿನಂತೆ ದಿನಕ್ಕೆ ಮೂರು ಹೊತ್ತು ಕುಡಿದರೆ ದಿನಕ್ಕೆ 15 ಆಯಿತು. ಏಳನೆಯ ದಿನ ಶೀಸೆ ಬರಿದು. ಹೊತ್ತಿಗೆ 10 ಎಂದು ಡಾಕ್ಟರು ಬರೆದಿದ್ದರೆ ಇನ್ನೂ ಬೇಗ. ಅಂದಮೇಲೆ ಒಂದು ಶೀಸೆ ಎಂದರೆ ಹೆಚ್ಚೆಂದರೆ ಒಂದು ವಾರ. ಹಳೆಯ ಕಾಗದದ ಪಟ್ಟಿ ಹೋದರೂ ಅದರ ಕೆಲಸವನ್ನು ಗಾಜು ಮಾಡುತ್ತಿದೆ. ಮೊದಲನೆಯ ಶೀಸೆಯನ್ನು ನಾವಾಗಿಯೇ ಕೊಂಡದ್ದಾದರೆ ಕೊಂಡೆವು. ಎರಡನೆಯದನ್ನು ನಾವಾಗಿಯೇ ಕೊಳ್ಳಬಾರದು. ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು ಇಷ್ಟೇ.

'ಏಳು ದಿನಕ್ಕೆ ಕೆಮ್ಮು ನಿಲ್ಲದಿದ್ದರೆ?' ಎಂದು ತಾವು ಕೇಳಬಹುದು. ನಿಲ್ಲುವುದಿಲ್ಲ, ಎಷ್ಟೋ ಜನರಿಗೆ ನಿಲ್ಲುವುದಿಲ್ಲ. 2013ರಲ್ಲಿ ಅಮೆರಿಕದ ವೈದ್ಯರು ಕೆಲವರು ಒಂದು ಸ್ವಾರಸ್ಯವಾದ ಹೋಲಿಕೆ ಮಾಡಿದರು. ನೆಗಡಿಯ ಕೆಮ್ಮು ಎಷ್ಟು ದಿನ ಇರಬಹುದೆಂದು ಜನರನ್ನು ಕೇಳಿದರೆ 7ರಿಂದ 9 ದಿನ ಎಂದು ಉತ್ತರ ಬಂದಿತು. ಪ್ರಕಟವಾದ ಪ್ರಯೋಗಗಳಲ್ಲಿನ ರೋಗಿಗಳ ದಿನಗಳನ್ನು ಎಣಿಸಿ ನೋಡಿದರೆ ಸರಾಸರಿ ಸುಮಾರು 18 ದಿನ. ನಮ್ಮ ತಾಳ್ಮೆಗೂ ದೇಹದ ಪಂಚಾಂಗಕ್ಕೂ ನಡುವೆ ಹತ್ತು ದಿನಗಳ ಅಂತರ. ಎರಡನೆಯ ಶೀಸೆ ಮನೆಗೆ ಬರುವುದು ಈ ಹತ್ತು ದಿನಗಳಲ್ಲಿ. ಆದ್ದರಿಂದ ಏಳನೆಯ ದಿನ ನಾವು ನಮ್ಮನ್ನು ಕೇಳಿಕೊಳ್ಳಬೇಕಾದದ್ದು ಕೆಮ್ಮು ನಿಂತಿತೇ ಎಂದಲ್ಲ, ಇಳಿಯುತ್ತಿದೆಯೇ ಎಂದು. ಜ್ವರವಿಲ್ಲ, ಹಸಿವು ಬಂದಿದೆ, ನಿದ್ದೆ ಬರುತ್ತಿದೆ, ಕೆಮ್ಮು ದಿನೇ ದಿನೇ ಕಡಮೆಯಾಗುತ್ತಿದೆ ಎಂದಾದರೆ ಇನ್ನು ಆಗಬೇಕಾದ ಕೆಲಸ ಕಾಲದ್ದು. ಬಿಸಿನೀರು, ಮೆಣಸಿನ ಸಾರು, ಮಲಗುವಾಗ ಒಂದು ಚಮಚ ಜೇನುತುಪ್ಪ ಸಾಕು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೂಡದು. ಹಾಗಿಲ್ಲದೆ ಕೆಮ್ಮು ಇದ್ದ ಹಾಗೆಯೇ ಇದ್ದರೆ ಅಥವಾ ಏರುತ್ತಿದ್ದರೆ, ಎರಡನೆಯ ಶೀಸೆಗೆ ಕೊಡುವ ದುಡ್ಡನ್ನು ಡಾಕ್ಟರಲ್ಲಿಗೆ ಹೋಗುವ ಬಸ್ಸಿಗೆ ಕೊಡುವುದು ಮೇಲು. ಕಫದಲ್ಲಿ ರಕ್ತ ಕಂಡರೆ, ಉಸಿರು ಕಟ್ಟಿದರೆ, ಎದೆ ನೋಯುತ್ತಿದ್ದರೆ ಏಳು ದಿನದ ಲೆಕ್ಕವೂ ಬೇಡ, ಅಂದೇ ಹೋಗಬೇಕು.

ಮಕ್ಕಳಿಗಂತೂ ಮೊದಲನೆಯ ಶೀಸೆಯನ್ನೇ ನಾವಾಗಿ ಕೊಳ್ಳತಕ್ಕದ್ದಲ್ಲ. ಸಿರಪ್ಪು ಸಿಹಿಯಾಗಿರುವುದರಿಂದ ಅದು ಮಕ್ಕಳ ಪದಾರ್ಥವೆಂಬ ಭ್ರಮೆ ನಮ್ಮಲ್ಲಿದೆ. ಆ ಸಿಹಿಯಾದ ದ್ರವದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿ ಮೂತ್ರಪಿಂಡಗಳು ಕೆಟ್ಟು ಜನ ಸತ್ತದ್ದು ಹಳೆಯ ಕತೆ: 1937ರಲ್ಲಿ ಅಮೆರಿಕದಲ್ಲಿ ಅದರಿಂದ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, 1938ರಲ್ಲಿ ಅಲ್ಲಿ ಔಷಧಗಳ ಕಾಯಿದೆಯೇ ಬದಲಾಯಿತು. ಆದರೂ 2022ರಲ್ಲಿ ನಮ್ಮ ದೇಶದಲ್ಲಿ ತಯಾರಾದ ಸಿರಪ್ಪುಗಳಿಂದ ಆಫ್ರಿಕದ ಗ್ಯಾಂಬಿಯದಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು ಸತ್ತರೆಂಬ ಸುದ್ದಿ ಬಂದಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಕೆಮ್ಮಿನ ಸಿರಪ್ಪು ಕುಡಿದು ತೀರಿಕೊಂಡರು. ಆ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚನೆ ಹೊರಡಿಸಿತು. ಮಕ್ಕಳ ಕೆಮ್ಮು ಬಹುಮಟ್ಟಿಗೆ ತಾನಾಗಿಯೇ ಹೋಗತಕ್ಕದ್ದು ಎಂಬುದು ಅದರ ಹಿಂದಿರುವ ತಿಳಿವಳಿಕೆ. ತಾನಾಗಿ ಹೋಗುವುದಕ್ಕೆ ಪ್ರಾಣವನ್ನು ಪಣವೊಡ್ಡುವುದು ಯಾವ ನ್ಯಾಯ?

ದೊಡ್ಡವರ ವಿಷಯದಲ್ಲಿ ಸಿರಪ್ಪಿನಲ್ಲಿ ಹಾಗೆ ವಿಷವಿರಬೇಕಾಗಿಲ್ಲ. ಶುದ್ಧವಾದ, ನಿರಪಾಯವಾದ ಸಿರಪ್ಪೂ ಕೇಡು ಮಾಡಬಲ್ಲದು. ಇದಕ್ಕೆ ನಮ್ಮ ನಾಡಿನದೇ ಆದ ಒಂದು ನಿದರ್ಶನವಿದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯ ಜನ ಅಜ್ಞಾನಿಗಳು, ಕ್ಷಯ ಬಂದರೂ ಅವರಿಗೆ ತಿಳಿಯದು, ಎಕ್ಸ್‌ರೇ ಗಾಡಿಗಳನ್ನು ಕೊಂಡೊಯ್ದು ನಾವೇ ಹುಡುಕಬೇಕು ಎಂಬುದು ಆಗಿನ ಬಲ್ಲವರ ನಂಬಿಕೆ. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯಲ್ಲಿ ಕ್ಷಯ ರೋಗಿಗಳನ್ನು ಕಂಡು ಮಾತನಾಡಿಸಿ ವಿಚಾರಿಸಿದರು. ಅವರ ವರದಿ 1963ರಲ್ಲಿ ಪ್ರಕಟವಾಯಿತು. ನಂಬಿಕೆ ತಲೆಕೆಳಗಾಗಿತ್ತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬುದು ಗೊತ್ತಿತ್ತು. ಅನೇಕರು ಅದಕ್ಕಾಗಿ ಚಿಂತಿಸಿದ್ದರು. ಅರ್ಧದಷ್ಟು ಮಂದಿ ಚಿಕಿತ್ಸೆ ಕೇಳಿಕೊಂಡು ಹೋಗಿಯೂ ಇದ್ದರು. ಹಾಗೆ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ತಾವಾಗಿ ಬಂದವರಿಗೆ ಸಿಕ್ಕಿದ್ದೇನು? ಕೆಮ್ಮಿನ ಮಿಕ್ಸ್ಚರಿನ ಒಂದು ಶೀಸೆ. ಕಫ ಪರೀಕ್ಷೆಯಾಗಲಿಲ್ಲ, ರೋಗಕ್ಕೆ ಹೆಸರಿಡಲಿಲ್ಲ. ಶೀಸೆ ತುಂಬಿಸಿ ಕಳಿಸಿದರು. ಅವರು ಕುಡಿದರು, ಕೆಮ್ಮಿದರು, ಮತ್ತೆ ಬಂದರು. ಈ ಅರಿವಿನ ಆಧಾರದ ಮೇಲೆಯೇ ಮುಂದೆ ದೇಶದ ಕ್ಷಯ ನಿವಾರಣಾ ಕಾರ್ಯಕ್ರಮದಲ್ಲಿ, ಕೆಮ್ಮೆಂದು ಆಸ್ಪತ್ರೆಗೆ ಬಂದವರ ಕಫವನ್ನು ಪರೀಕ್ಷಿಸುವ ಪದ್ಧತಿಗೆ ಒತ್ತು ಬಂದಿತು. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ಇಂದು ಓದುತ್ತೇವಲ್ಲ, ಆ ಮಾತಿನ ಬೇರು ತುಮಕೂರಿನ ಹಳ್ಳಿಗಳಲ್ಲಿಯೂ ಇದೆ.

ಈ ಸಂಗತಿಯನ್ನು ಓದಿದಾಗ ನನಗೆ ನಮ್ಮ ಕಾಲೇಜಿನ ಗ್ರಂಥಾಲಯದ ಅಟೆಂಡರು ನೆನಪಾದರು. ನನಗಿಂತ ಹತ್ತು ವರ್ಷ ಹಿರಿಯರು, ಕಟ್ಟುನಿಟ್ಟಿನ ಮನುಷ್ಯ. ಪುಸ್ತಕವನ್ನು 14 ದಿನಕ್ಕೆ ಕೊಡುವುದು ನಮ್ಮಲ್ಲಿ ನಿಯಮ. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯ ಮೇಲೆ ತಾರೀಖಿನ ಮೊಹರನ್ನು ಅವರು ಒತ್ತುವ ಸದ್ದು ಓದುವ ಕೊಠಡಿಯ ತುದಿಗೂ ಕೇಳುತ್ತಿತ್ತು. ಹದಿನೈದನೆಯ ದಿನ ತಂದವರು ಪ್ರಿನ್ಸಿಪಾಲರೇ ಆಗಲಿ, ದಂಡದ ಪುಸ್ತಕ ಮುಂದಕ್ಕೆ ಬರುತ್ತಿತ್ತು. ಒಂದು ವರ್ಷ ನವರಾತ್ರಿಯ ಹೊತ್ತಿಗೆ ಅವರಿಗೆ ಕೆಮ್ಮು ಹತ್ತಿತು. ಎಲ್ಲರ ಮನೆಯಲ್ಲಿಯೂ ಆಗ ಕೆಮ್ಮು. ಅವರೂ ಒಂದು ಶೀಸೆ ತಂದು ಮೇಜಿನ ಖಾನೆಯಲ್ಲಿಟ್ಟರು. ಬರಿದಾದ ಶೀಸೆಯನ್ನು ಎಸೆಯುವ ಸ್ವಭಾವ ಅವರದಲ್ಲ. ತೊಳೆದು, ಚೀಟಿ ಅಂಟಿಸುವ ಗೋಂದು ತುಂಬಿ ಕಿಟಕಿಯಲ್ಲಿಡುತ್ತಿದ್ದರು. ದೀಪಾವಳಿಯ ವೇಳೆಗೆ ಕಿಟಕಿಯಲ್ಲಿ ಮೂರು ಶೀಸೆಗಳಾದವು; ಕ್ರಿಸ್‌ಮಸ್ ರಜೆಯ ವೇಳೆಗೆ ಗೋಂದಿಗೆ ಆರು, ಕೆಂಪು ಮಸಿಗೆ ಒಂದು. 'ಒಮ್ಮೆ ಆಸ್ಪತ್ರೆಗೆ ತೋರಿಸಿಕೊಳ್ಳಿ' ಎಂದು ಗ್ರಂಥಪಾಲಕರೂ ನಾನೂ ಹೇಳುತ್ತಲೇ ಇದ್ದೆವು. 'ಔಷಧ ತಗೋತಾ ಇದೀನಲ್ಲ ಸಾರ್' ಎನ್ನುತ್ತಿದ್ದರು. ಆ ಮಾತಿಗೆ ಎದುರು ಹೇಳುವುದು ಕಷ್ಟ. ಏನನ್ನೂ ಮಾಡದವನನ್ನು ಎಬ್ಬಿಸಬಹುದು. ಏನೋ ಮಾಡುತ್ತಿದ್ದೇನೆಂಬ ಸಮಾಧಾನದಲ್ಲಿರುವವನನ್ನು ಎಬ್ಬಿಸುವುದು ಸುಲಭವಲ್ಲ. ಸಿರಪ್ಪು ಅವರ ಎದೆಗೆ ಏನು ಮಾಡಿತೋ, ಅವರ ಮನಸ್ಸಿಗಂತೂ ನೆಮ್ಮದಿ ಕೊಟ್ಟಿತ್ತು.

ಅಂಗಡಿಯವರೂ ಪ್ರತಿಸಲ ಏನಾದರೂ ಕೇಳಿಯೇ ಕೊಡುತ್ತಿದ್ದರಂತೆ: ಕಫ ಇದೆಯೇ, ಒಣ ಕೆಮ್ಮೇ, ಸಕ್ಕರೆ ಕಾಯಿಲೆ ಇದೆಯೇ, ದೊಡ್ಡದು ಕೊಡಲೇ, ಚಿಕ್ಕದು ಕೊಡಲೇ. ಕೇಳಬೇಕಾದ ಪ್ರಶ್ನೆಯನ್ನು ಕೇಳಿದವಳು ಅವರ ಬೀದಿಯ ಆಶಾ ಕಾರ್ಯಕರ್ತೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಮನೆಮನೆಯ ಸಮೀಕ್ಷೆಗೆ ಬಂದವಳು ಜಗಲಿಯಲ್ಲಿ ಕೆಮ್ಮುತ್ತ ಕುಳಿತಿದ್ದ ಇವರನ್ನು ಕಂಡು, 'ಎಷ್ಟು ದಿನ ಆಯ್ತಣ್ಣ ಈ ಕೆಮ್ಮು?' ಎಂದಳಂತೆ.

'ಚಳಿಗಾಲದ ಕೆಮ್ಮು ಕಣಮ್ಮ, ಹೋಗುತ್ತೆ.'

'ಚಳಿಗಾಲ ಇರಲಿ ಅಣ್ಣ, ದಿನ ಹೇಳಿ. ಇಲ್ಲಿ ಬರೀಬೇಕು.'

ಇವರು ಬೆರಳು ಮಡಿಸಿ ಎಣಿಸಿದರು. ನವರಾತ್ರಿಯಿಂದ ಸಂಕ್ರಾಂತಿಗೆ ನೂರು ದಿನ. ಆಕೆ ಮತ್ತೇನೂ ಹೇಳದೆ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೆ ಆಳವಾಗಿ ಕೆಮ್ಮಿ ಕಫವನ್ನು ಅದರಲ್ಲಿ ತೆಗೆದಿಡಬೇಕೆಂದು ಹೇಳಿಹೋದಳು. ಪರೀಕ್ಷೆಯಲ್ಲಿ ಕ್ಷಯವೆಂದು ಬಂದಿತು. ಮಾತ್ರೆಗಳನ್ನು ಸರ್ಕಾರವೇ ಉಚಿತವಾಗಿ ಕೊಟ್ಟಿತು. ದಿನವೂ ತಪ್ಪದೆ ಆರು ತಿಂಗಳು ನುಂಗಿದರು, ಗುಣವಾದರು. ಆದರೆ ನಡುವೆ ಒಂದು ವಾರ ಆ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಅವರ ನಾಲ್ಕು ವರ್ಷದ ಮೊಮ್ಮಗಳು ಹುಟ್ಟಿದಂದಿನಿಂದ ತಾತನ ಪಕ್ಕದಲ್ಲಿಯೇ ಮಲಗುವವಳು. ಆ ನೂರು ದಿನವೂ ಹಾಗೆಯೇ ಮಲಗಿದ್ದಳು. ಅವಳನ್ನೂ ಪರೀಕ್ಷೆಗೆ ಒಯ್ದರು. ರೋಗ ತಗಲಿಲ್ಲವೆಂದು ತಿಳಿಯಿತು. ಮುಂಜಾಗ್ರತೆಗೆ ಮಾತ್ರೆ ಕೊಟ್ಟರು. ಕೆಲಸಕ್ಕೆ ಮರಳಿ ಬಂದ ಮೇಲೆ ಒಂದು ದಿನ ಅವರು ಮೊಹರಿನ ತಾರೀಖು ತಿರುಗಿಸುತ್ತ ನನ್ನೊಡನೆ ಅಂದರು: 'ಪುಸ್ತಕ ಒಂದು ದಿನ ತಡವಾದ್ರೆ ದಂಡ ಹಾಕ್ತಿದ್ದೆ ಸಾರ್. ನನ್ನ ಕೆಮ್ಮಿಗೆ ತಾರೀಖು ಒತ್ತೋರು ಯಾರೂ ಇರಲಿಲ್ಲ. ಮಗೂಗೆ ಏನಾದ್ರೂ ಆಗಿದ್ದಿದ್ರೆ...' ವಾಕ್ಯವನ್ನು ಅವರು ಮುಗಿಸಲಿಲ್ಲ. ಕಿಟಕಿಯಲ್ಲಿ ಗೋಂದಿನ ಶೀಸೆಗಳು ಇರಲಿಲ್ಲ, ಎಲ್ಲವನ್ನೂ ಎಸೆದಿದ್ದರು.

ಎರಡು ವಾರದ ಕೆಮ್ಮೆಲ್ಲ ಕ್ಷಯವೆಂದು ಹೆದರಿಸುವುದು ನನ್ನ ಅಭಿಪ್ರಾಯವಲ್ಲ. ಸರಾಸರಿ 18 ದಿನವೆಂದು ಆಗಲೇ ಹೇಳಿದ್ದೇನಷ್ಟೆ; ಪರೀಕ್ಷೆಗೆ ಹೋದವರಲ್ಲಿ ಬಹುಮಂದಿ ಏನೂ ಇಲ್ಲವೆಂಬ ಸಿಹಿಸುದ್ದಿ ಹೊತ್ತು ಮರಳುತ್ತಾರೆ. ಆದರೆ ವಾರಗಟ್ಟಲೆ ನಿಲ್ಲದ ಕೆಮ್ಮಿಗೆ ಬೇರೆ ಬೇರೆ ಯಜಮಾನರಿರುತ್ತಾರೆ. ಗೂರಲಿನವರ ಕೆಮ್ಮು ಒಂದು ಬಗೆ. ಹೊಟ್ಟೆಯ ಹುಳಿ ಮೇಲಕ್ಕೇರಿ ಬರುವ ಕೆಮ್ಮು ಮತ್ತೊಂದು. ಬೀಡಿ ಸಿಗರೇಟಿನದು ಇನ್ನೊಂದು. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳಿಂದಲೇ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಅವರು ಕಫ ಸಡಿಲಿಸುವ ಔಷಧವನ್ನು ಕೊಡಗಟ್ಟಲೆ ಕುಡಿದರೂ ಡಾಕ್ಟರು ಆ ಮಾತ್ರೆಯನ್ನು ಬದಲಿಸುವ ತನಕ ಕೆಮ್ಮು ಹೋಗದು. ಇವುಗಳಲ್ಲಿ ಯಾವುದನ್ನೂ ಸಿರಪ್ಪು ವಾಸಿ ಮಾಡಲಾರದು. ಅದು ಮಾಡುವುದು ಒಂದೇ: ಯಜಮಾನ ಯಾರೆಂದು ಕೇಳುವ ದಿನವನ್ನು ಮುಂದಕ್ಕೆ ಹಾಕುವುದು. 'ಜಗಳದ ಮನೆ ನಗೆ, ರೋಗದ ಮನೆ ಕೆಮ್ಮು' ಎಂಬರ್ಥದ ಗಾದೆಯೊಂದು ಹಿಂದಿಯಲ್ಲಿದೆ. ಮನೆಯೊಳಗೆ ಯಾರಿದ್ದಾರೆಂದು ನೋಡದೆ ಬಾಗಿಲಿಗೆ ಸಿಹಿ ಬಳಿಯುತ್ತ ಕುಳಿತರೆ ಏನು ಬಂತು?

ನನಗೆ ತೋಚುವ ಉಪಾಯ ಬಹಳ ಸಣ್ಣದು. ಶೀಸೆಯ ಮುಚ್ಚಳ ತೆಗೆದ ದಿನ ಅದರ ಚೀಟಿಯ ಮೇಲೆ ಆ ದಿನದ ತಾರೀಖನ್ನೂ, ಕೆಮ್ಮು ಹತ್ತಿದ ತಾರೀಖನ್ನೂ ಬರೆದಿಡುವುದು. ಔಷಧಕ್ಕೆ ಏಳು ದಿನ. ಇಳಿಯದ ಕೆಮ್ಮಿಗೂ ಅಷ್ಟೇ ದಿನ. ಇಳಿಯುತ್ತಿದ್ದರೂ ಹದಿನಾಲ್ಕು ದಿನ ದಾಟಿದರೆ ಕಫ ಪರೀಕ್ಷೆ. ತಯಾರಾದ ತಾರೀಖು, ಕೆಡುವ ತಾರೀಖು ಎಂದು ಕಂಪನಿಯವರು ಎರಡನ್ನು ಅಚ್ಚು ಹಾಕಿರುತ್ತಾರೆ; ಅವು ಶೀಸೆಯ ಆಯುಷ್ಯದ ಲೆಕ್ಕ. ನಾವು ಬರೆಯುವುದು ನಮ್ಮದರ ಲೆಕ್ಕ. ಏಳನೆಯ ದಿನ ಶೀಸೆ ಬರಿದಾಗಿ, ಎದೆಯಿನ್ನೂ ಗೊರಗುಟ್ಟುತ್ತಿದ್ದು, ಔಷಧದಂಗಡಿಯ ಮುಂದೆ ನಿಂತು ಇನ್ನೊಂದಕ್ಕೆ ಕೈಚಾಚಿದಾಗ, ಅಂಗಡಿಯವರು 'ಎಷ್ಟು ದಿನವಾಯಿತು?' ಎಂದು ಕೇಳಿದರೆ ಕೋಪ ಮಾಡಿಕೊಳ್ಳದಿರೋಣ. ಅವರು ಕೇಳದಿದ್ದರೆ ನಾವೇ ಕೇಳಿಕೊಂಡು, ಬೆರಳು ಮಡಿಸಿ ಎಣಿಸಿ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳೋಣ.